ಮುಟ್ಟು ನಿಂತ ಮೇಲೆ ಹಾರ್ಮೋನು: ಸ್ತನದ ಚಿಂತೆ ಇರುವವರು ಯಾವ ಪ್ರೊಜೆಸ್ಟರಾನ್ ಆರಿಸಬೇಕು?

ಒಂದೇ ಪ್ರಶ್ನೆ ಬೇರೆಬೇರೆ ರೂಪದಲ್ಲಿ ನನ್ನ ಹತ್ತಿರ ಬರುತ್ತಲೇ ಇದೆ. ಮುಟ್ಟು ನಿಂತಿದೆ, ರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾಗುತ್ತದೆ, ನಿದ್ದೆ ಇಲ್ಲ, ಡಾಕ್ಟರು ಹಾರ್ಮೋನು ತಗೊಳ್ಳಿ ಅಂದಿದ್ದಾರೆ. ಒಬ್ಬರು ಮಾತ್ರೆ ಬರೆದರು, ಇನ್ನೊಬ್ಬರು ಕ್ಯಾಪ್ಸೂಲ್ ಅಂದರು, ಮೂರನೆಯವರು ಗರ್ಭಕೋಶದೊಳಗೆ ಇಡುವ ಸಾಧನವೇ ವಾಸಿ ಅಂದರು. ಮನೆಗೆ ಬಂದು ಹುಡುಕಿದರೆ ಒಂದು ಕಡೆ "ಪ್ರೊಜೆಸ್ಟರಾನ್ ಸ್ತನ ಕ್ಯಾನ್ಸರ್ ಬೆಳೆಸುತ್ತದೆ" ಎಂದಿದೆ, ಇನ್ನೊಂದು ಕಡೆ "ಪ್ರೊಜೆಸ್ಟರಾನ್ ಸ್ತನವನ್ನು ಕಾಯುತ್ತದೆ" ಎಂದಿದೆ. ಯಾವುದನ್ನು ನಂಬುವುದು?

ಎರಡಕ್ಕೂ ಆಧಾರ ಇದೆ. ಗೊಂದಲ ಇರುವುದು ಆ ಒಂದು ಹೆಸರಿನಲ್ಲಿ. "ಪ್ರೊಜೆಸ್ಟರಾನ್" ಅಂತ ನಾವು ಸುಮ್ನೆ ಹೇಳಿಬಿಡುವ ಪದದ ಕೆಳಗೆ ನಾಲ್ಕೈದು ಬೇರೆಬೇರೆ ಔಷಧಿಗಳಿವೆ. ಅವು ಸ್ತನದ ಜೀವಕೋಶದ ಜೊತೆ ನಡೆದುಕೊಳ್ಳುವ ರೀತಿ ಒಂದೇ ಅಲ್ಲ. ಆದ್ದರಿಂದ ನಾನು ಈ ಪ್ರಶ್ನೆಯನ್ನು ಮೂರಾಗಿ ಒಡೆಯುತ್ತೇನೆ: ನಿಮಗೆ ಪ್ರೊಜೆಸ್ಟರಾನ್ ನಿಜಕ್ಕೂ ಬೇಕಾ? ಬೇಕಿದ್ದರೆ ಯಾವುದು? ತಿಂಗಳಿಗೆ ಎಷ್ಟು ದಿನ, ಒಟ್ಟು ಎಷ್ಟು ವರ್ಷ? ಈ ಕ್ರಮದಲ್ಲೇ ಕೇಳಿಕೊಳ್ಳಬೇಕು. ಬಹಳ ಜನ ಎರಡನೆಯದರಿಂದ ಶುರು ಮಾಡುತ್ತಾರೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಜೀವಕೋಶದೊಳಗೆ ನಡೆಯುವುದೇನು

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಪ್ರೊಜೆಸ್ಟರಾನ್ ಕೊಬ್ಬಿನ ಗುಣದ ಸಣ್ಣ ಅಣು, ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟಿ ಒಳಗೆ ಹೋಗುತ್ತದೆ. ಒಳಗೆ ಅದಕ್ಕೆಂದೇ ಒಂದು ಪ್ರೋಟೀನ್ ಕಾದಿರುತ್ತದೆ, ಅದೇ ಪ್ರೊಜೆಸ್ಟರಾನ್ ರಿಸೆಪ್ಟರ್, ಕನ್ನಡದಲ್ಲಿ ಗ್ರಾಹಕ ಅಂತಲೂ ಬರೆಯುತ್ತಾರೆ. ಎರಡೂ ಕೂಡಿ ಡಿಎನ್‌ಎ ಮೇಲೆ ಹೋಗಿ ಕೂತು ಕೆಲವು ಜೀನ್‌ಗಳನ್ನು ಎಬ್ಬಿಸುತ್ತವೆ, ಕೆಲವನ್ನು ಮಲಗಿಸುತ್ತವೆ. ಈ ರಿಸೆಪ್ಟರ್‌ನಲ್ಲಿ ಎ ಮತ್ತು ಬಿ ಎಂಬ ಎರಡು ಬಗೆ. ಒಂದೇ ಜೀನ್‌ನಿಂದ ಬಂದವು, ಬಿ ಬಗೆಯಲ್ಲಿ 164 ಅಮೈನೋ ಆಮ್ಲ ಜಾಸ್ತಿ, ಅಷ್ಟೇ. ಆದರೆ ಕೆಲಸ ಬೇರೆ: ಬಿ ಜೀನ್‌ಗಳನ್ನು ಜೋರಾಗಿ ಎಬ್ಬಿಸುತ್ತದೆ, ಎ ಅನೇಕ ಸಲ ಅದನ್ನು ಹಿಡಿದು ನಿಲ್ಲಿಸುತ್ತದೆ. ಆರೋಗ್ಯವಂತ ಸ್ತನದಲ್ಲಿ ಎರಡೂ ಹೆಚ್ಚುಕಡಿಮೆ ಸಮ ಇರುತ್ತವೆ. ಎಷ್ಟೋ ಸ್ತನ ಕ್ಯಾನ್ಸರ್‌ಗಳಲ್ಲಿ ಈ ಸಮ ತಪ್ಪಿ, ಹೆಚ್ಚಾಗಿ ಎ ಕಡೆಗೆ ವಾಲಿರುತ್ತದೆ.

ಆರೋಗ್ಯವಂತ ಸ್ತನದಲ್ಲಿ ರಿಸೆಪ್ಟರ್ ಇರುವ ಜೀವಕೋಶಗಳು ಕಡಿಮೆ. ಇನ್ನೂ ಸೋಜಿಗ ಅಂದರೆ ಅವು ತಾವೇ ಒಡೆದು ಎರಡಾಗುವುದು ಅಪರೂಪ. ಪ್ರೊಜೆಸ್ಟರಾನ್ ಬಂದಾಗ ಅವು ಪಕ್ಕದ ಜೀವಕೋಶಗಳಿಗೆ ಸುದ್ದಿ ಕಳಿಸುತ್ತವೆ. ಆ ಸುದ್ದಿ ಒಯ್ಯುವ ಪ್ರೋಟೀನ್‌ಗಳಲ್ಲಿ ಮುಖ್ಯವಾದುದು ರ‍್ಯಾಂಕ್‌ಎಲ್. ಸುದ್ದಿ ಸಿಕ್ಕ ನೆರೆಹೊರೆಯವು ಬೆಳೆಯುತ್ತವೆ. ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ, ಪ್ರೊಜೆಸ್ಟರಾನ್ ಏರಿರುವಾಗ, ಸ್ತನದ ಜೀವಕೋಶಗಳು ಅತಿ ಹೆಚ್ಚು ಒಡೆಯುವುದು ಇದಕ್ಕೇ. ಆ ದಿನಗಳಲ್ಲಿ ಎದೆ ಭಾರ ಅನಿಸುವುದು ಎಲ್ಲರಿಗೂ ಗೊತ್ತು, ಅಲ್ವಾ? ಕ್ಯಾನ್ಸರ್‌ನಲ್ಲಿ ಈ ಶಿಸ್ತು ಮುರಿದುಹೋಗಿರುತ್ತದೆ. ರಿಸೆಪ್ಟರ್ ಇರುವ ಜೀವಕೋಶವೇ ತಾನೇ ಒಡೆಯಲು ಶುರು ಮಾಡುತ್ತದೆ, ಯಾರ ಸುದ್ದಿಗೂ ಕಾಯುವುದಿಲ್ಲ.

ಹಾಗಾದರೆ "ಬೆಳೆಸುತ್ತದೆ" ಅನ್ನುವುದೇ ನಿಜವಾಯಿತಲ್ಲ? ಇರಿ, ಇನ್ನೊಂದು ಮುಖ ಇದೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಟಿ47ಡಿ ಎಂಬ ಸ್ತನ ಕ್ಯಾನ್ಸರ್ ಜೀವಕೋಶಗಳಿಗೆ ಪ್ರೊಜೆಸ್ಟರಾನ್ ಬಗೆಯ ಔಷಧಿ ಹಾಕಿದರೆ ಅವು ಮೊದಲು ಚುರುಕಾಗಿ ಒಂದು ಸುತ್ತು ಒಡೆಯುತ್ತವೆ, ಆಮೇಲೆ ಮುಂದಿನ ಸುತ್ತಿಗೆ ಹೋಗದೆ ನಿಂತುಬಿಡುತ್ತವೆ. ಒಂದೇ ಔಷಧಿ, ಮೊದಲು ತಳ್ಳಿತು, ಆಮೇಲೆ ತಡೆಯಿತು. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರೊಜೆಸ್ಟರಾನ್ ಸಿಕ್ಕ ರಿಸೆಪ್ಟರ್ ಹೋಗಿ ಹೆಣ್ಣಿನ ಇನ್ನೊಂದು ಮುಖ್ಯ ಹಾರ್ಮೋನಾದ ಈಸ್ಟ್ರೋಜೆನ್ ರಿಸೆಪ್ಟರ್‌ಗೇ ಅಂಟಿಕೊಳ್ಳುತ್ತದೆ, ಅದನ್ನು ಡಿಎನ್‌ಎಯಲ್ಲಿ ಬೇರೆ ಜಾಗಗಳಿಗೆ ಎಳೆದೊಯ್ಯುತ್ತದೆ, ಇಲಿಗಳಲ್ಲಿ ಈಸ್ಟ್ರೋಜೆನ್‌ನಿಂದ ಬೆಳೆಯುತ್ತಿದ್ದ ಗೆಡ್ಡೆ ನಿಧಾನವಾಗುತ್ತದೆ ಎಂದು ಅದು ತೋರಿಸಿತು. ಮೆಜೆಸ್ಟ್ರಾಲ್ ಅಸಿಟೇಟ್ ಎಂಬ ಇದೇ ಕುಟುಂಬದ ಔಷಧಿಯನ್ನು ಜಾಸ್ತಿ ಪ್ರಮಾಣದಲ್ಲಿ, ದಿನಕ್ಕೆ 160 ಮಿಲಿಗ್ರಾಂನಂತೆ, ಹರಡಿದ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆಯಾಗಿಯೇ ಕೊಡುತ್ತಾ ಬಂದಿದ್ದಾರೆ.

ಇಲ್ಲಿ ಒಂದು ಎಚ್ಚರ ಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. ಈಗಾಗಲೇ ಇರುವ ಗೆಡ್ಡೆಯನ್ನು, ವೈದ್ಯರ ಕಣ್ಗಾವಲಿನಲ್ಲಿ, ದೊಡ್ಡ ಪ್ರಮಾಣದ ಔಷಧಿಯಿಂದ ತಡೆಯುವುದು ಒಂದು ವಿಷಯ. ಆರೋಗ್ಯವಾಗಿರುವ ಮಹಿಳೆ ಐದು ಹತ್ತು ವರ್ಷ ಹಾರ್ಮೋನು ತಗೊಂಡರೆ ಹೊಸ ಕ್ಯಾನ್ಸರ್ ಬರುವ ಸಾಧ್ಯತೆ ಎಷ್ಟು ಅನ್ನುವುದು ಬೇರೆಯೇ ವಿಷಯ. ಇಲಿಯ ಪ್ರಯೋಗವನ್ನು ತೋರಿಸಿ ಯಾರಾದರೂ "ಪ್ರೊಜೆಸ್ಟರಾನ್ ತಗೊಳ್ಳಿ, ಸ್ತನ ಕ್ಯಾನ್ಸರ್ ಬರುವುದಿಲ್ಲ" ಎಂದರೆ ಅವರು ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೆ ಕೊಡುತ್ತಿದ್ದಾರೆ.

ಯಾವುದರ ಮೇಲೆ ಅಳೆಯಬೇಕು

ಮೊದಲ ಅಳತೆ ಗರ್ಭಕೋಶ. ಮುಟ್ಟು ನಿಂತ ಮೇಲಿನ ಬಿಸಿ, ಬೆವರು, ನಿದ್ದೆಗೇಡಿಗೆ ಮುಖ್ಯ ಔಷಧಿ ಈಸ್ಟ್ರೋಜೆನ್. ಪ್ರೊಜೆಸ್ಟರಾನ್ ಸೇರಿಸುವುದು ಗರ್ಭಕೋಶದ ಒಳಪದರವನ್ನು ಕಾಯಲು. ಅಮೆರಿಕದಲ್ಲಿ ಈಸ್ಟ್ರೋಜೆನ್ ಒಂದನ್ನೇ ಧಾರಾಳವಾಗಿ ಬರೆಯುತ್ತಿದ್ದ ಕಾಲವಿತ್ತು, 1975ರಲ್ಲಿ ಅದಕ್ಕೂ ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೂ ಇರುವ ನಂಟು ಬೆಳಕಿಗೆ ಬಂತು. ಆಮೇಲೆ ಪ್ರೊಜೆಸ್ಟರಾನ್ ಜೊತೆಗೆ ಕೊಡುವುದು ನಿಯಮವಾಯಿತು. ಅಂದರೆ ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಇದರ ಅಗತ್ಯವೇ ಇಲ್ಲ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ತೊಂದರೆ) ತುಂಬಾ ಇದ್ದವರಂಥ ಕೆಲವರು ಮಾತ್ರ ಹೊರತು.

ಎರಡನೆಯದು ನಿಮ್ಮ ಸ್ತನದ ಇತಿಹಾಸ. ಕ್ಯಾನ್ಸರ್ ಆಗಿತ್ತಾ, ಮನೆಯಲ್ಲಿ ತಾಯಿಗೋ ಅಕ್ಕತಂಗಿಗೋ ಚಿಕ್ಕ ವಯಸ್ಸಿನಲ್ಲಿ ಆಗಿತ್ತಾ, ಬಿಆರ್‌ಸಿಎ ಜೀನ್‌ನಲ್ಲಿ ದೋಷ (ಇದು ಇದ್ದರೆ ಸ್ತನ ಕ್ಯಾನ್ಸರ್ ಸಾಧ್ಯತೆ ಬಹಳ ಹೆಚ್ಚು) ಇದೆಯಾ, ಹಿಂದೆ ಬಯಾಪ್ಸಿಯಲ್ಲಿ ಅಸಹಜ ಜೀವಕೋಶ ಕಂಡಿತ್ತಾ. ಮೂರನೆಯದು ಅಣು. ಶರೀರ ತಾನೇ ಮಾಡುವ ಪ್ರೊಜೆಸ್ಟರಾನ್ ಮುಖ್ಯವಾಗಿ ತನ್ನ ರಿಸೆಪ್ಟರ್‌ಗೆ ಕೂರುತ್ತದೆ. ಕಾರ್ಖಾನೆಯಲ್ಲಿ ರೂಪಿಸಿದ ಕೆಲವು ಬಗೆಗಳು, ಉದಾಹರಣೆಗೆ ಮೆಡ್ರಾಕ್ಸಿಪ್ರೊಜೆಸ್ಟರಾನ್, ಗಂಡು ಹಾರ್ಮೋನಿನ ರಿಸೆಪ್ಟರ್‌ಗೂ ಕಾರ್ಟಿಸೋಲ್ ಬಗೆಯ ಸ್ಟಿರಾಯ್ಡ್‌ಗಳ ರಿಸೆಪ್ಟರ್‌ಗೂ ಹೋಗಿ ಅಂಟುತ್ತವೆ. ನಾಲ್ಕನೆಯದು ತಿಂಗಳಿಗೆ ಎಷ್ಟು ದಿನ, ಎಷ್ಟು ವರ್ಷ. ಕೊನೆಯದು ನಿಮ್ಮ ದಿನನಿತ್ಯ: ಖರ್ಚು, ರಕ್ತಸ್ರಾವದ ಕಿರಿಕಿರಿ, ನಿದ್ದೆ, ರಕ್ತ ಹೆಪ್ಪುಗಟ್ಟುವ ಭಯ, ಮಾತ್ರೆ ನೆನಪಿಟ್ಟು ನುಂಗುವ ತಾಳ್ಮೆ.

ಗರ್ಭಕೋಶ ಇಲ್ಲದಿದ್ದರೆ: ಈಸ್ಟ್ರೋಜೆನ್ ಒಂದೇ

ಇದು ಎಲ್ಲಕ್ಕಿಂತ ಸುಲಭದ ತೀರ್ಮಾನ, ಆದರೂ ಬಹಳ ಜನಕ್ಕೆ ಯಾರೂ ಹೇಳಿರುವುದಿಲ್ಲ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದಲ್ಲಿ ಎರಡು ಗುಂಪುಗಳಿದ್ದವು. ಗರ್ಭಕೋಶ ಇದ್ದ 16,608 ಮಹಿಳೆಯರಲ್ಲಿ ಅರ್ಧ ಜನಕ್ಕೆ ಈಸ್ಟ್ರೋಜೆನ್ ಜೊತೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಗರ್ಭಕೋಶ ಇಲ್ಲದ 10,739 ಮಹಿಳೆಯರಲ್ಲೂ ಹೀಗೇ ಭಾಗ ಮಾಡಿದರು, ಆದರೆ ಕೊಟ್ಟದ್ದು ಈಸ್ಟ್ರೋಜೆನ್ ಒಂದೇ. ಎರಡೂ ಔಷಧಿ ಸೇರಿದ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ವರ್ಷಕ್ಕೆ 10,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ 30ರಿಂದ 38ಕ್ಕೆ ಏರಿತ್ತು. ಈಸ್ಟ್ರೋಜೆನ್ ಒಂದೇ ತಗೊಂಡವರಲ್ಲಿ ಆ ಏರಿಕೆ ಕಾಣಲಿಲ್ಲ. 20 ವರ್ಷ ಅವರನ್ನು ಹಿಂಬಾಲಿಸಿ 2020ರಲ್ಲಿ ಬಂದ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್ ಸುಮಾರು ಐದನೇ ಒಂದು ಭಾಗ ಕಡಿಮೆಯೇ ಇತ್ತು. ಹೆದರಿಕೆಯೆಲ್ಲ ಈಸ್ಟ್ರೋಜೆನ್ ಮೇಲೆ ಇಟ್ಟುಕೊಂಡವರಿಗೆ ಇದು ನಂಬಲಾಗದ ಮಾತು.

ಹಾಗಂತ ಪೂರ್ತಿ ನಿರಾಳವಾಗುವುದೂ ಬೇಡ. 2019ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ 58 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, 50ನೇ ವಯಸ್ಸಿಗೆ ಶುರು ಮಾಡಿ ಐದು ವರ್ಷ ಈಸ್ಟ್ರೋಜೆನ್ ಒಂದೇ ತಗೊಂಡ 200 ಮಹಿಳೆಯರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ, 69 ವರ್ಷದೊಳಗೆ, ಸ್ತನ ಕ್ಯಾನ್ಸರ್ ಬರುತ್ತದೆ ಎಂದು ಕಂಡಿತು. ಪ್ರೊಜೆಸ್ಟರಾನ್ ಬಗೆಯನ್ನು ತಿಂಗಳಲ್ಲಿ ಕೆಲವು ದಿನ ಸೇರಿಸಿದರೆ 70ಕ್ಕೆ ಒಬ್ಬರು. ದಿನಾ ಸೇರಿಸಿದರೆ 50ಕ್ಕೆ ಒಬ್ಬರು. ಮೂರೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈಸ್ಟ್ರೋಜೆನ್‌ಗಿಂತ ಜೊತೆಗಾರನ ಆಯ್ಕೆ ಮತ್ತು ದಿನಗಳ ಲೆಕ್ಕ ಎಷ್ಟು ವ್ಯತ್ಯಾಸ ಮಾಡುತ್ತದೆ ಅನ್ನುವುದು ಅಲ್ಲೇ ಇದೆ. ಗರ್ಭಕೋಶ ತೆಗೆಸಿಕೊಂಡಿದ್ದೂ ನಿಮ್ಮ ಚೀಟಿಯಲ್ಲಿ ಎರಡು ಹಾರ್ಮೋನು ಇದ್ದರೆ, ಎರಡನೆಯದು ಯಾಕೆ ಎಂದು ಕೇಳಿಯೇ ಎದ್ದುಬನ್ನಿ.

ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್

ಶರೀರ ಮಾಡುವ ಅದೇ ಅಣು, ಹೊಟ್ಟೆಯಲ್ಲಿ ಹೀರಿಕೊಳ್ಳುವಂತೆ ಬಹಳ ಸಣ್ಣ ಕಣಗಳಾಗಿ ಪುಡಿ ಮಾಡಿ ಎಣ್ಣೆಯಲ್ಲಿ ಬೆರೆಸಿ ಕ್ಯಾಪ್ಸೂಲ್‌ನಲ್ಲಿ ತುಂಬಿದ್ದು. ಸಾಮಾನ್ಯವಾಗಿ ದಿನಾ 100 ಮಿಲಿಗ್ರಾಂ, ಇಲ್ಲವೇ ತಿಂಗಳಲ್ಲಿ 12 ದಿನ 200 ಮಿಲಿಗ್ರಾಂ. ಸ್ತನದ ದೃಷ್ಟಿಯಿಂದ ನನ್ನ ಮೊದಲ ಆಯ್ಕೆ ಇದೇ.

ಕಾರಣ ಮುಖ್ಯವಾಗಿ ಫ್ರಾನ್ಸ್‌ನ ಇ3ಎನ್ ಅಧ್ಯಯನ. 80,000ಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅದರ 2008ರ ಲೆಕ್ಕದಲ್ಲಿ, ಹಾರ್ಮೋನು ತಗೊಳ್ಳದವರನ್ನು 1 ಎಂದಿಟ್ಟುಕೊಂಡರೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟರಾನ್ ತಗೊಂಡವರ ಅಪಾಯ 1.00. ಡೈಡ್ರೊಜೆಸ್ಟರಾನ್ ತಗೊಂಡವರದು 1.16. ಉಳಿದ ಕೃತಕ ಬಗೆಗಳದು 1.69. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಅಲ್ಲ, ಯಾರು ಏನು ತಗೊಂಡರೋ ಅದನ್ನು ನೋಡಿ ಬರೆದುಕೊಂಡ ಲೆಕ್ಕ, ಅಷ್ಟರ ಮಟ್ಟಿಗೆ ಅದರ ತೂಕ ಕಡಿಮೆ. ಆಮೇಲಿನ ವರ್ಷಗಳ ಲೆಕ್ಕದಲ್ಲಿ, ಐದು ವರ್ಷ ದಾಟಿ ಬಳಸುತ್ತಿದ್ದವರಲ್ಲಿ ಇದರಲ್ಲೂ ಸ್ವಲ್ಪ ಏರಿಕೆ ಕಂಡಿತು. ಆದ್ದರಿಂದ "ಸೊನ್ನೆ ಅಪಾಯ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೃತಕದ್ದಕ್ಕಿಂತ ಕಡಿಮೆ, ಮೊದಲ ಕೆಲವು ವರ್ಷಗಳಲ್ಲಿ ಬಹಳ ಕಡಿಮೆ ಎನ್ನುವಷ್ಟು ಮಾತ್ರ ಸರಿ.

ಇದರ ಇನ್ನೊಂದು ಗುಣ ನಿದ್ದೆ. ಪಿತ್ತಜನಕಾಂಗದಲ್ಲಿ ಇದು ಒಡೆದಾಗ ಮಿದುಳನ್ನು ಶಾಂತ ಮಾಡುವ ಒಂದು ವಸ್ತು ಹುಟ್ಟುತ್ತದೆ, ಅದಕ್ಕೇ ರಾತ್ರಿ ಮಲಗುವಾಗ ತಗೊಳ್ಳಿ ಅನ್ನುವುದು. ನಿದ್ದೆ ಬಾರದವರಿಗೆ ಇದು ವರ. ಬೆಳಿಗ್ಗೆ ಬೇಗ ಎದ್ದು ಗಾಡಿ ಓಡಿಸಬೇಕಾದ ಕೆಲವರಿಗೆ ತಲೆ ಭಾರ ಇರುತ್ತದೆ. ಕೆಲವು ಕ್ಯಾಪ್ಸೂಲ್‌ಗಳಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ, ಅಲರ್ಜಿ ಇರುವವರು ಡಬ್ಬಿ ಓದಿ ಕೊಳ್ಳಬೇಕು. ಚರ್ಮಕ್ಕೆ ಅಂಟಿಸುವ ಈಸ್ಟ್ರೋಜೆನ್ ಪಟ್ಟಿಯ ಜೊತೆ ಇದನ್ನು ತಗೊಂಡರೆ ರಕ್ತ ಹೆಪ್ಪುಗಟ್ಟುವ ಅಪಾಯ ಏರಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ, ಇದೂ ದೊಡ್ಡ ಅನುಕೂಲ.

ಬಿಟ್ಟುಕೊಡಬೇಕಾದದ್ದು? ಗರ್ಭಕೋಶದ ಒಳಪದರದ ಮೇಲೆ ಇದರ ಹಿಡಿತ ಕೃತಕ ಬಗೆಗಳಷ್ಟು ಬಿಗಿ ಅಲ್ಲ. ಈಸ್ಟ್ರೋಜೆನ್ ಜಾಸ್ತಿ ಇಟ್ಟು ಇದನ್ನು ಕಡಿಮೆ ಇಟ್ಟರೆ, ಅಥವಾ ದಿನ ತಪ್ಪಿಸಿದರೆ, ಪದರ ದಪ್ಪವಾಗುತ್ತದೆ. ಖರ್ಚೂ ಸಾಮಾನ್ಯವಾಗಿ ಹಳೆಯ ಕೃತಕ ಮಾತ್ರೆಗಿಂತ ಜಾಸ್ತಿ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. "ನೈಸರ್ಗಿಕ ಪ್ರೊಜೆಸ್ಟರಾನ್ ಕ್ರೀಮ್" ಅಂತ ಮಾರುವುದುಂಟು. ಚರ್ಮಕ್ಕೆ ಹಚ್ಚಿದ್ದು ಗರ್ಭಕೋಶವನ್ನು ಕಾಯುವಷ್ಟು ರಕ್ತಕ್ಕೆ ಸೇರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಕಾಡು ಗೆಣಸಿನ ಸಾರದ ಕ್ರೀಮ್‌ಗಳಂತೂ ಇನ್ನೂ ದೂರ. ಆ ಗೆಣಸಿನಲ್ಲಿರುವ ಡಯೋಸ್ಜೆನಿನ್‌ನಿಂದ ಪ್ರೊಜೆಸ್ಟರಾನ್ ತಯಾರಿಸುವುದು ಕಾರ್ಖಾನೆಯಲ್ಲಿ ಸಾಧ್ಯ, ನಮ್ಮ ಮೈಯಲ್ಲಿ ಸಾಧ್ಯವಿಲ್ಲ.

ಡೈಡ್ರೊಜೆಸ್ಟರಾನ್

ಮಾತ್ರೆ, ಕೃತಕ, ಆದರೆ ಪ್ರೊಜೆಸ್ಟರಾನ್‌ಗೆ ಬಹಳ ಹತ್ತಿರದ ಅಣು, ಬೇರೆ ರಿಸೆಪ್ಟರ್‌ಗಳ ತಂಟೆಗೆ ಹೆಚ್ಚು ಹೋಗುವುದಿಲ್ಲ. ಸ್ತನದ ಲೆಕ್ಕದಲ್ಲಿ ಮೈಕ್ರೊನೈಸ್ಡ್ ಪಕ್ಕದಲ್ಲೇ ಕೂರುತ್ತದೆ, ಗರ್ಭಕೋಶದ ಒಳಪದರವನ್ನು ಚೆನ್ನಾಗಿ ಹಿಡಿಯುತ್ತದೆ, ಮಂಪರು ತರುವುದಿಲ್ಲ. ಕ್ಯಾಪ್ಸೂಲ್ ತಗೊಂಡರೆ ಬೆಳಿಗ್ಗೆ ಏಳಲು ಆಗುವುದಿಲ್ಲ ಅನ್ನುವವರಿಗೆ, ಅಥವಾ ಅದರಲ್ಲಿ ಮತ್ತೆಮತ್ತೆ ಸ್ರಾವ ಆಗುತ್ತಿರುವವರಿಗೆ ನಾನು ಕೇಳಿನೋಡಿ ಎನ್ನುವುದು ಇದನ್ನೇ. ಎಲ್ಲ ದೇಶಗಳಲ್ಲಿ ಸಿಗುವುದಿಲ್ಲ, ಅಮೆರಿಕದಲ್ಲಿ ಇಲ್ಲ.

ಮೆಡ್ರಾಕ್ಸಿಪ್ರೊಜೆಸ್ಟರಾನ್, ನೊರೆಥಿಸ್ಟೆರಾನ್

ಹಳೆಯವು, ಅಗ್ಗ, ಎಲ್ಲೆಡೆ ಸಿಗುತ್ತವೆ, ಗರ್ಭಕೋಶವನ್ನು ಗಟ್ಟಿಯಾಗಿ ಕಾಯುತ್ತವೆ, ಸ್ರಾವವನ್ನು ಬೇಗ ಹತೋಟಿಗೆ ತರುತ್ತವೆ. ಆದರೆ ಸ್ತನದ ವಿಷಯದಲ್ಲಿ ಕೆಟ್ಟ ಅಂಕಿಗಳೆಲ್ಲ ಹೆಚ್ಚಾಗಿ ಇವುಗಳ ಮೇಲೆಯೇ ಇವೆ. ದಿನಾ ಎರಡೂ ಹಾರ್ಮೋನು ಸೇರಿಸಿ ಕೊಟ್ಟಾಗ ಮ್ಯಾಮೋಗ್ರಾಂನಲ್ಲಿ ಸ್ತನ ಹೆಚ್ಚು ದಟ್ಟವಾಗಿ ಕಾಣುತ್ತದೆ, ಅಂದರೆ ಒಳಗೆ ಏನಾದರೂ ಇದ್ದರೆ ಕಂಡುಹಿಡಿಯುವುದೂ ಕಷ್ಟ.

ಆದರೂ ಅಂಕಿಯನ್ನು ಅಳತೆ ಮೀರಿ ಹಿಗ್ಗಿಸುವುದು ನನಗೆ ಒಪ್ಪಿಗೆ ಇಲ್ಲ. ವರ್ಷಕ್ಕೆ 10,000 ಜನರಲ್ಲಿ 8 ಹೆಚ್ಚು ಎಂದರೆ, ಒಂದೆರಡು ವರ್ಷ ಮಾತ್ರ ತಗೊಂಡು ಬಿಡುವ, ಮನೆಯಲ್ಲಿ ಯಾರಿಗೂ ಸ್ತನ ಕ್ಯಾನ್ಸರ್ ಇಲ್ಲದ, ಬೇರೆ ಔಷಧಿಯ ಖರ್ಚು ಹೊರಲಾಗದ ಮಹಿಳೆಗೆ ಇದು ಮುಟ್ಟಲೇಬಾರದ ಔಷಧಿ ಅಲ್ಲ. ನಿದ್ದೆಯಿಲ್ಲದೆ ಕೆಲಸಕ್ಕೆ ಹೋಗಲಾಗದೆ ಒದ್ದಾಡುವುದಕ್ಕೂ ಬೆಲೆ ಇದೆ. ಆದರೆ ದೀರ್ಘಕಾಲಕ್ಕೆ ಬೇಕು, ಖರ್ಚು ಮಾಡುವ ಶಕ್ತಿಯೂ ಇದೆ ಎಂದಾದರೆ ಇದರಲ್ಲೇ ಉಳಿಯಲು ಕಾರಣ ನನಗೆ ಕಾಣುವುದಿಲ್ಲ.

ಗರ್ಭಕೋಶದೊಳಗಿನ ಸಾಧನ

52 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ತುಂಬಿದ ಸಣ್ಣ ಸಾಧನ. ಹಾರ್ಮೋನು ಬೇಕಾದ ಜಾಗದಲ್ಲೇ ಬಿಡುಗಡೆಯಾಗುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಹಾಗಾಗಿ ಸ್ತನಕ್ಕೆ ಏನೂ ಇಲ್ಲ ಎಂದು ತುಂಬಾ ದಿನ ಅಂದುಕೊಂಡಿದ್ದರು. ಡೆನ್ಮಾರ್ಕ್‌ನ ದೊಡ್ಡ ದಾಖಲೆಗಳು ಆ ನಂಬಿಕೆಯನ್ನು ಸ್ವಲ್ಪ ಅಲುಗಾಡಿಸಿದವು. ಇದನ್ನು ಬಳಸಿದವರಲ್ಲಿ 2017ರ ಲೆಕ್ಕದಲ್ಲಿ ಅಪಾಯ 1.21, 2024ರದ್ದರಲ್ಲಿ ಸುಮಾರು 1.4 ಪಟ್ಟು. ಅವರೆಲ್ಲ 50 ವರ್ಷದೊಳಗಿನವರು, ಆ ವಯಸ್ಸಿನಲ್ಲಿ ಮೂಲ ಅಪಾಯವೇ ಕಡಿಮೆ. ಹಾಗಾಗಿ ಐದು ವರ್ಷದವರೆಗಿನ ಬಳಕೆಯಲ್ಲಿ ಹೆಚ್ಚಿದ್ದು 10,000 ಮಹಿಳೆಯರಿಗೆ ಸುಮಾರು 14.

ಇದರ ನಿಜವಾದ ಬಲ ಬೇರೆ ಕಡೆ ಇದೆ. ಮುಟ್ಟು ಇನ್ನೂ ಪೂರ್ತಿ ನಿಲ್ಲದೆ, ತಿಂಗಳು ತಪ್ಪಿ ಬಂದು ವಿಪರೀತ ಹರಿಯುವ ವಯಸ್ಸಿನಲ್ಲಿ ಇದು ರಕ್ತಸ್ರಾವವನ್ನೂ ಹಿಡಿಯುತ್ತದೆ, ಗರ್ಭ ನಿಲ್ಲದಂತೆಯೂ ನೋಡಿಕೊಳ್ಳುತ್ತದೆ, ಗರ್ಭಕೋಶದ ಪದರವನ್ನೂ ಕಾಯುತ್ತದೆ. ದಿನಾ ನೆನಪಿಡುವ ಗೋಜಿಲ್ಲ. ಒಮ್ಮೆ ಖರ್ಚು ಮಾಡಿದರೆ ವರ್ಷಗಟ್ಟಲೆ ಬರುವುದರಿಂದ ಲೆಕ್ಕ ಹಾಕಿದರೆ ದುಬಾರಿಯೂ ಅಲ್ಲ. ಈ ಎಲ್ಲ ತೊಂದರೆ ಒಟ್ಟಿಗೆ ಇರುವವರಿಗೆ ಇದೇ ಮೇಲು. ಮುಟ್ಟು ನಿಂತು ನಾಲ್ಕು ವರ್ಷವಾದವರಿಗೆ ಈ ಅನುಕೂಲಗಳಲ್ಲಿ ಹೆಚ್ಚಿನವು ಬೇಕಿಲ್ಲ.

ಉಳಿದ ಎರಡು, ಬೇಗ ಹೇಳಿ ಮುಗಿಸುತ್ತೇನೆ

ಟಿಬೊಲೋನ್ ಒಂದೇ ಮಾತ್ರೆಯಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರಾನ್, ಗಂಡು ಹಾರ್ಮೋನು ಈ ಮೂರರ ಕೆಲಸವನ್ನೂ ಮಾಡುತ್ತದೆ. ಆದರೆ ಸ್ತನ ಕ್ಯಾನ್ಸರ್ ಆಗಿ ಗುಣವಾದ ಸುಮಾರು 3,100 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ರೋಗ ಮರುಕಳಿಸುವುದು 1.4 ಪಟ್ಟಾಯಿತು, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಸ್ತನದ ಚಿಂತೆ ಇದ್ದವರ ಪಟ್ಟಿಯಿಂದ ಇದನ್ನು ನಾನು ಕೈಬಿಡುತ್ತೇನೆ. ಎರಡನೆಯದು ಬೆಜೆಡಾಕ್ಸಿಫೀನ್. ಇದು ಪ್ರೊಜೆಸ್ಟರಾನ್ ಅಲ್ಲವೇ ಅಲ್ಲ. ಗರ್ಭಕೋಶದಲ್ಲಿ ಈಸ್ಟ್ರೋಜೆನ್ ರಿಸೆಪ್ಟರ್‌ಗೆ ಅಡ್ಡ ನಿಂತು ಪದರ ಬೆಳೆಯದಂತೆ ತಡೆಯುತ್ತದೆ, ಹಾಗಾಗಿ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟರಾನ್ ಇಲ್ಲದೆಯೇ ಕೆಲಸ ನಡೆಯುತ್ತದೆ. ಯೋಚನೆ ಬಹಳ ಚೆನ್ನಾಗಿದೆ, 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು, ಆದರೆ ಎಲ್ಲ ಕಡೆ ಸಿಗುವುದಿಲ್ಲ.

ಸ್ತನ ಕ್ಯಾನ್ಸರ್ ಆಗಿದ್ದವರಿಗೆ

ಇಲ್ಲಿ ಹೋಲಿಕೆಯ ರೀತಿಯೇ ಬದಲಾಗುತ್ತದೆ. ನಿಮ್ಮ ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್ ಎಂದು ಎರಡು ಸಾಲುಗಳಿರುತ್ತವೆ. ಇಆರ್ ಎಂದರೆ ಈಸ್ಟ್ರೋಜೆನ್ ರಿಸೆಪ್ಟರ್. ಪಿಆರ್ ಎಂದರೆ ಪ್ರೊಜೆಸ್ಟರಾನ್ ರಿಸೆಪ್ಟರ್, 100 ಜೀವಕೋಶಗಳಲ್ಲಿ ಒಂದರಲ್ಲಿ ಕಂಡರೂ ಪಾಸಿಟಿವ್ ಎಂದು ಬರೆಯುತ್ತಾರೆ. "ಪಿಆರ್ ಪಾಸಿಟಿವ್ ಇದೆ, ಅಂದರೆ ಪ್ರೊಜೆಸ್ಟರಾನ್‌ನಿಂದಲೇ ಬಂದ ಗೆಡ್ಡೆ" ಎಂದು ಎಷ್ಟೋ ಜನ ಹೆದರಿಕೊಳ್ಳುತ್ತಾರೆ. ಅದರ ಅರ್ಥ ಹಾಗಲ್ಲ. ಈ ರಿಸೆಪ್ಟರ್ ತಯಾರಾಗುವುದು ಹೆಚ್ಚಾಗಿ ಈಸ್ಟ್ರೋಜೆನ್‌ನ ಅಪ್ಪಣೆಯಿಂದ. ಹಾಗಾಗಿ ಪಿಆರ್ ಇದೆ ಎಂದರೆ ಆ ಗೆಡ್ಡೆಯಲ್ಲಿ ಈಸ್ಟ್ರೋಜೆನ್ ದಾರಿ ಇನ್ನೂ ಸರಿಯಾಗಿ ನಡೆಯುತ್ತಿದೆ ಎಂದರ್ಥ, ಅಂದರೆ ಆ ದಾರಿಯನ್ನು ಮುಚ್ಚುವ ಟಮಾಕ್ಸಿಫೆನ್, ಲೆಟ್ರೊಜೋಲ್‌ನಂಥ ಔಷಧಿ ಕೆಲಸ ಮಾಡುವ ಭರವಸೆ ಜಾಸ್ತಿ. ಇಆರ್ ಇದ್ದು ಪಿಆರ್ ಇಲ್ಲದ ಗೆಡ್ಡೆಗಳೇ ಸಾಮಾನ್ಯವಾಗಿ ಸ್ವಲ್ಪ ಹಟಮಾರಿ. ನಿಮ್ಮ ವರದಿಯಲ್ಲಿ ಪಿಆರ್ ಜೋರಾಗಿದ್ದರೆ ಅದು ಒಳ್ಳೆಯ ಸುದ್ದಿ.

ಆದರೆ ಅದನ್ನು ಹಾರ್ಮೋನು ತಗೊಳ್ಳಲು ಪರವಾನಗಿ ಎಂದು ತಿಳಿಯಬೇಡಿ. ಸ್ವೀಡನ್ನಿನ ಎರಡು ಪ್ರಯೋಗಗಳಲ್ಲಿ ಕ್ಯಾನ್ಸರ್ ಆಗಿದ್ದವರಿಗೇ ಹಾರ್ಮೋನು ಕೊಟ್ಟು ನೋಡಿದರು. ಹ್ಯಾಬಿಟ್ಸ್ ಎಂಬ ಪ್ರಯೋಗದಲ್ಲಿ ಮರುಕಳಿಸುವುದು ಹೆಚ್ಚಾಗಿ 2003ರಲ್ಲಿ ನಿಲ್ಲಿಸಬೇಕಾಯಿತು. ಸ್ಟಾಕ್‌ಹೋಮ್ ಪ್ರಯೋಗದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಎರಡನೆಯದರಲ್ಲಿ ಪ್ರೊಜೆಸ್ಟರಾನ್ ಬಗೆಯನ್ನು ಬೇಕೆಂದೇ ಕಡಿಮೆ ಇಟ್ಟಿದ್ದರು. ಅದೇ ಕಾರಣ ಇರಬಹುದು ಎಂದು ಹಲವರು ವಾದಿಸಿದ್ದಾರೆ, ನನಗೂ ಹಾಗೇ ಅನಿಸುತ್ತದೆ, ಆದರೆ ಆ ಅನಿಸಿಕೆಯ ಮೇಲೆ ಒಬ್ಬರ ಜೀವ ಪಣಕ್ಕಿಡುವಂತಿಲ್ಲ.

ನಿಮಗೆ ಬೇರೆ ದಾರಿಗಳಿವೆ. ಬಿಸಿ, ಬೆವರಿಗೆ ಹಾರ್ಮೋನಲ್ಲದ ಔಷಧಿಗಳಲ್ಲಿ ವೆನ್ಲಾಫಾಕ್ಸಿನ್, ಗ್ಯಾಬಾಪೆಂಟಿನ್ ಹಳೆಯವು, ಖರ್ಚು ಕಡಿಮೆ. ರಾತ್ರಿಯ ಬೆವರು, ನಿದ್ದೆಗೇಡು ಮುಖ್ಯ ತೊಂದರೆ ಆಗಿದ್ದರೆ ಗ್ಯಾಬಾಪೆಂಟಿನ್, ಹಗಲಲ್ಲಿ ಮಂಪರು ಬೇಡ ಅನ್ನುವವರಿಗೆ ವೆನ್ಲಾಫಾಕ್ಸಿನ್. ಟಮಾಕ್ಸಿಫೆನ್ ತಗೊಳ್ಳುತ್ತಿರುವವರು ಖಿನ್ನತೆಗೆ ಕೊಡುವ, ಬಿಸಿ ಬೆವರಿಗೂ ಬರೆಯುವ ಪ್ಯಾರಾಕ್ಸಿಟಿನ್ ಬೇಡ ಎಂದು ಹೇಳಬೇಕು, ಅದು ಟಮಾಕ್ಸಿಫೆನ್ ಅನ್ನು ಚುರುಕುಗೊಳಿಸುವ ಕಿಣ್ವವನ್ನೇ ತಡೆಯುತ್ತದೆ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫೆಜೊಲಿನೆಟಂಟ್ ಹಾರ್ಮೋನು ಮುಟ್ಟದೆ, ಮಿದುಳಿನಲ್ಲಿ ಮೈಯ ಬಿಸಿ ನಿಯಂತ್ರಿಸುವ ಜಾಗದಲ್ಲೇ ಕೆಲಸ ಮಾಡುತ್ತದೆ. ದುಬಾರಿ, ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು. ಯೋನಿ ಒಣಗುವ ತೊಂದರೆ ಮಾತ್ರ ಇದ್ದರೆ ಮೊದಲು ಹಾರ್ಮೋನಿಲ್ಲದ ಮಾಯಿಶ್ಚರೈಸರ್. ಸಾಲದಿದ್ದರೆ ಕ್ಯಾನ್ಸರ್ ತಜ್ಞರ ಒಪ್ಪಿಗೆ ಪಡೆದು ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್. ಅದಕ್ಕೆ ಪ್ರೊಜೆಸ್ಟರಾನ್ ಜೊತೆ ಬೇಕಾಗಿಲ್ಲ. ಕ್ಯಾನ್ಸರ್ ಆಗದವರಿಗೂ ಈ ಮಾತು ಅನ್ವಯಿಸುತ್ತದೆ: ತೊಂದರೆ ಅಲ್ಲಿ ಮಾತ್ರ ಇದ್ದರೆ ಇಡೀ ಮೈಗೆ ಹಾರ್ಮೋನು ಯಾಕೆ?

ಜೀನ್ ದೋಷ ಇರುವವರಿಗೆ

ಬಿಆರ್‌ಸಿಎ1 ದೋಷ ಇದ್ದು, ಅಂಡಾಶಯ ಚಿಕ್ಕ ವಯಸ್ಸಿಗೇ ತೆಗೆಸಿಕೊಂಡು, ಒಂದೇ ರಾತ್ರಿಯಲ್ಲಿ ಮುಟ್ಟು ನಿಂತವರ ಕಷ್ಟ ಎಲ್ಲರಿಗಿಂತ ದೊಡ್ಡದು. ಅವರಿಗೆ ಹಾರ್ಮೋನೇ ಬೇಡ ಎನ್ನುವುದು ಎಲುಬಿಗೂ ಹೃದಯಕ್ಕೂ ಒಳ್ಳೆಯದಲ್ಲ. ಇಂಥ 872 ಮಹಿಳೆಯರ ಅಧ್ಯಯನ 2018ರಲ್ಲಿ ಬಂತು. ಒಟ್ಟಾರೆ ಹಾರ್ಮೋನಿನಿಂದ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಆದರೆ ಒಳಗೆ ಬಿಡಿಸಿ ನೋಡಿದರೆ, ಹತ್ತು ವರ್ಷದಲ್ಲಿ ಈಸ್ಟ್ರೋಜೆನ್ ಒಂದೇ ತಗೊಂಡವರಲ್ಲಿ 12%, ಪ್ರೊಜೆಸ್ಟರಾನ್ ಬಗೆಯೂ ಸೇರಿದವರಲ್ಲಿ 22%. ಅಂಡಾಶಯದ ಶಸ್ತ್ರಚಿಕಿತ್ಸೆ ಇನ್ನೂ ಆಗಬೇಕಿದ್ದರೆ, ಗರ್ಭಕೋಶವನ್ನೂ ಜೊತೆಗೇ ತೆಗೆಸಿದರೆ ಆಮೇಲೆ ಈಸ್ಟ್ರೋಜೆನ್ ಒಂದೇ ಸಾಕಾಗುತ್ತದೆಯೇ ಎಂಬ ಪ್ರಶ್ನೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಬೇಕು. ಗರ್ಭಕೋಶ ತೆಗೆಸುವುದು ಇನ್ನಷ್ಟು ದೊಡ್ಡ ಶಸ್ತ್ರಚಿಕಿತ್ಸೆ, ಎಲ್ಲರಿಗೂ ಸರಿಹೋಗುವುದಿಲ್ಲ. ಆದರೆ ಕೇಳದೇ ಹೋದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಮೇಲೆ ಹೇಳಿದ ರ‍್ಯಾಂಕ್‌ಎಲ್ ಇಲ್ಲಿ ಮತ್ತೆ ಬರುತ್ತದೆ. ಅದನ್ನು ತಡೆಯುವ ಡೆನೊಸುಮಾಬ್ ಎಂಬ ಎಲುಬಿನ ಔಷಧಿ ಈ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ತಡೆಯಬಹುದೇ ಎಂದು ಪರೀಕ್ಷೆ ನಡೆದಿದೆ.

ಈಗಾಗಲೇ ಔಷಧಿಯಲ್ಲಿರುವವರಿಗೆ

ಇದನ್ನು ಓದಿ ಹೆದರಿ ಪ್ರೊಜೆಸ್ಟರಾನ್ ಮಾತ್ರ ಬಿಟ್ಟು ಈಸ್ಟ್ರೋಜೆನ್ ಪಟ್ಟಿ ಅಂಟಿಸಿಕೊಳ್ಳುವುದನ್ನು ಮುಂದುವರಿಸಬೇಡಿ. ಗರ್ಭಕೋಶ ಇರುವವರಿಗೆ ಅದೇ ಎಲ್ಲಕ್ಕಿಂತ ಅಪಾಯದ ಆಯ್ಕೆ. ಬಿಡುವುದಾದರೆ ಎರಡನ್ನೂ ಕೇಳಿ ಬಿಡಿ, ಬದಲಿಸುವುದಾದರೆ ಒಂದರ ಜಾಗಕ್ಕೆ ಇನ್ನೊಂದು ಬರುವವರೆಗೆ ದಿನ ಖಾಲಿ ಬಿಡಬೇಡಿ. ಔಷಧಿ ಬದಲಿಸಿದ ಮೊದಲ ಕೆಲವು ತಿಂಗಳು ಅಲ್ಲಲ್ಲಿ ಸ್ರಾವ ಕಾಣಬಹುದು. ಆರು ತಿಂಗಳು ದಾಟಿದರೂ ನಿಲ್ಲದಿದ್ದರೆ, ಅಥವಾ ಪೂರ್ತಿ ನಿಂತದ್ದು ಮತ್ತೆ ಶುರುವಾದರೆ, ಒಳಪದರದ ದಪ್ಪ ಎಷ್ಟಿದೆ ಎಂದು ಸ್ಕ್ಯಾನ್ ಮಾಡಿಸಿ. ವರ್ಷಕ್ಕೊಮ್ಮೆ ಹೋದಾಗ "ಇನ್ನೂ ಬೇಕಾ, ಇಷ್ಟೇ ಪ್ರಮಾಣ ಬೇಕಾ, ಇದೇ ಬಗೆ ಬೇಕಾ" ಎಂದು ನೀವಾಗಿಯೇ ಕೇಳಿ. ಹೋಗುವಾಗ ಹಳೆಯ ಮ್ಯಾಮೋಗ್ರಾಂ ಜೊತೆಗೆ ಒಯ್ಯಿರಿ, ದಟ್ಟತೆ ಹೆಚ್ಚಿದೆಯೇ ಎಂದು ತಿಳಿಯುವುದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ.